ಕಿಲೋಮೀಟರಿಗೆ ಒಂದು ಪೈಸೆ

ಗ್ಯಾರೇಜಿನ ಮೇಸ್ತ್ರಿ ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಯ ತಟ್ಟೆಯನ್ನು ಬಿಸಿಲಿಗೆ ಹಿಡಿದರು. ಕಪ್ಪೆಣ್ಣೆಯ ಮೇಲೆ ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗುತ್ತಿತ್ತು. ‘ಸಾರ್, ಇದು ನಿಮ್ಮ ಹಿತ್ತಾಳೆ ರಿಂಗು. ಸವೆದು ಎಣ್ಣೆಗೆ ಬಂದಿದೆ’ ಎಂದರು. ಗೇರ್‌ಬಾಕ್ಸ್ ಇಳಿಸಿ, ಸಿಂಕ್ರೊನೈಸರ್ ರಿಂಗು, ಬೇರಿಂಗು, ಆಯಿಲ್ ಸೀಲು, ಕೂಲಿ ಎಲ್ಲ ಸೇರಿ ಕೊಟ್ಟದ್ದು 14,000 ರೂಪಾಯಿ.

ನನ್ನದು ಹಳೆಯ ಓಮ್ನಿ. ಈ ರಿಪೇರಿಗೆ ಎರಡು ವರ್ಷ ಮೊದಲು ಬಿಡಿಭಾಗದ ಅಂಗಡಿಯವರ ಸ್ವಂತ ಲೇಬಲ್ಲಿನ ಗೇರ್ ಆಯಿಲ್ ಹಾಕಿಸಿದ್ದೆ. ಲೀಟರಿಗೆ 220 ರೂಪಾಯಿ. ಹೆಸರಾಂತ ಕಂಪನಿಯದು ಅಲ್ಲೇ 420 ಇತ್ತು. ರಿಪೇರಿ ಬಿಲ್ಲು ನೋಡಿದವರೆಲ್ಲ ಅಗ್ಗದ ಎಣ್ಣೆಯನ್ನೇ ದೂರಿದರು. ಒಂದು ವಾರ ನಾನೂ ಹಾಗೇ ನಂಬಿದ್ದೆ.

ಆಮೇಲೆ ಅಟ್ಟದ ಮೇಲಿಂದ ಖಾಲಿ ಡಬ್ಬಿ ತೆಗೆದು ಓದಿದೆ. ಗೇರ್ ಎಣ್ಣೆಯ ಬಗೆ ಜಿಎಲ್-5 ಎಂದು ಸ್ಪಷ್ಟವಾಗಿ ಬರೆದಿತ್ತು. ಗಾಡಿಯ ಪುಸ್ತಕ ಕೇಳುವುದು ಗೇರ್‌ಬಾಕ್ಸಿಗೆ ಜಿಎಲ್-4, ಹಿಂಬದಿ ಆಕ್ಸಲ್ಲಿನ ಹೌಸಿಂಗಿಗೆ ಜಿಎಲ್-5. ಎರಡಕ್ಕೂ ಒಂದೇ ಎಣ್ಣೆ ಹಾಕಿಸಿದ್ದೆ. ‘ನಾಲ್ಕಕ್ಕಿಂತ ಐದು ಮೇಲಲ್ವಾ ಸಾರ್’ ಎಂದು ಅಂಗಡಿಯವರು ಹೇಳಿದಾಗ ತಲೆಯಾಡಿಸಿದ್ದವನು ನಾನೇ. ಐದು ಮೇಲಿನದಲ್ಲ, ಬೇರೆಯದು. ಹೌಸಿಂಗಿನ ಕ್ರೌನ್-ಪಿನಿಯನ್ ಹಲ್ಲುಗಳು ಭಾರ ಹೊತ್ತು ಒಂದರ ಮೇಲೊಂದು ಜಾರುತ್ತವೆ. ಅದಕ್ಕಾಗಿ ಆ ಎಣ್ಣೆಯಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಅದೇ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನಬಲ್ಲದು. ರಿಂಗಿಗೆ ವಯಸ್ಸೂ ಆಗಿತ್ತು, ಒಪ್ಪುತ್ತೇನೆ. ಆದರೆ ಕಂಪನಿಯ ಜಿಎಲ್-5 ಹಾಕಿಸಿದ್ದರೆ ರಿಂಗು ಉಳಿಯುತ್ತಿತ್ತು ಎನ್ನಲು ಯಾವ ಕಾರಣವೂ ಕಾಣುವುದಿಲ್ಲ.

ಈಗ ಲೆಕ್ಕ ನೋಡಿ. ಗೇರ್‌ಬಾಕ್ಸಿಗೆ ಒಂದು ಲೀಟರಿಗಿಂತ ತುಸು ಹೆಚ್ಚು ಬೇಕು, ಅಂದರೆ ಎರಡು ಡಬ್ಬಿ. ಅಗ್ಗದ್ದು 440, ಕಂಪನಿಯದು 840. ಉಳಿತಾಯ 400 ರೂಪಾಯಿ. ನಾನು 40,000 ಕಿಲೋಮೀಟರಿಗೊಮ್ಮೆ ಬದಲಿಸುತ್ತೇನೆ. 400ನ್ನು 40,000ದಿಂದ ಭಾಗಿಸಿದರೆ ಕಿಲೋಮೀಟರಿಗೆ ಒಂದು ಪೈಸೆ. ವರ್ಷಕ್ಕೆ 10,000 ಕಿಲೋಮೀಟರ್ ಓಡುವ ನನಗೆ ವರ್ಷಕ್ಕೆ ನೂರು ರೂಪಾಯಿ. ಆ 14,000ವನ್ನು ಈ ಉಳಿತಾಯದಲ್ಲಿ ತುಂಬಿಸಲು 35 ಸಲ ಎಣ್ಣೆ ಬದಲಿಸಬೇಕು, ಅಂದರೆ 14 ಲಕ್ಷ ಕಿಲೋಮೀಟರ್ ಓಡಿಸಬೇಕು. ಅಗ್ಗದ ಡಬ್ಬಿಯ ಮೇಲೆ ಸರಿಯಾದ ಜಿಎಲ್ ಸಂಖ್ಯೆ, ಸ್ನಿಗ್ಧತೆಯ ಗ್ರೇಡು ಇದ್ದರೆ ನಿಶ್ಚಿಂತೆಯಿಂದ ಕೊಳ್ಳಿ. ಇಲ್ಲದಿದ್ದರೆ ನೂರು ರೂಪಾಯಿಯ ಆಸೆಗೆ ಬೀಳಬೇಡಿ. ಎಂಜಿನ್ ಎಣ್ಣೆಯ ಹಾಗೆ ಗೇರ್ ಎಣ್ಣೆಗೆ ಪೆಟ್ರೋಲ್ ಉರಿದ ಮಸಿ ಸೇರುವುದಿಲ್ಲ, ಹಾಗಾಗಿ ಆಫೀಸು, ಊರು ಎಂದು ಓಡುವ ಗಾಡಿಗೆ ಸಾಧಾರಣ ಎಣ್ಣೆ ಸಾಕು. ದಿನವೂ ಲೋಡು ಹೊತ್ತು ಘಾಟಿ ಹತ್ತುವವರ ಮಾತು ಬೇರೆ.

ನನಗೆ ಸಹಿಸಲಾಗದ್ದು ‘ಗೇರ್ ಸದ್ದು ನಿಲ್ಲಿಸುವ’ ದ್ರವದ ಸಣ್ಣ ಬಾಟಲಿ. ರಿಪೇರಿಗೆ ಮೊದಲು ಎರಡನೇ ಗೇರು ಕರ್ರ್ ಎನ್ನತೊಡಗಿದಾಗ 350 ರೂಪಾಯಿ ಕೊಟ್ಟು ಸುರಿದೆ. ಸವೆದ ಹಿತ್ತಾಳೆಯನ್ನು ಯಾವ ದ್ರವವೂ ಮರಳಿ ಬೆಳೆಸುವುದಿಲ್ಲ! ಅದರೊಳಗೆ ಏನಿದೆ ಎಂದು ಬಾಟಲಿಯ ಮೇಲೆ ಒಂದಕ್ಷರವೂ ಇರಲಿಲ್ಲ. ಇಂಥದ್ದನ್ನು ದಯವಿಟ್ಟು ಕೊಳ್ಳಬೇಡಿ.

ಎಣ್ಣೆಯ ಬೆಲೆಗಿಂತ ನಮ್ಮ ಅಭ್ಯಾಸ ದುಬಾರಿ. ಗಾಡಿ ತೊಳೆಸಲು ತಿಂಗಳಿಗೊಮ್ಮೆ ಹೋಗುತ್ತೇವೆ, ಅದರ ಪುಸ್ತಕ ಮಾತ್ರ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ಬೆಳಿಗ್ಗೆ ಗಾಡಿ ತೆಗೆದ ಮೇಲೆ ನೆಲದಲ್ಲಿ ಎಣ್ಣೆಯ ಕಲೆ ಇದೆಯೇ ನೋಡಿ. ಸರ್ವಿಸಿಗೆ ಬಿಟ್ಟಾಗ ಫಿಲ್ಲರ್ ಬೋಲ್ಟು ತೆಗೆಸಿ ಬೆರಳಿಟ್ಟು ಮಟ್ಟ ನೋಡಿಸಿ. ಪುಸ್ತಕದ ಎಣ್ಣೆಯ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಅದನ್ನೇ ತೋರಿಸಿ.

ನಾನು ಮತ್ತೆ ಅದೇ ಅಂಗಡಿಗೆ ಹೋದೆ, ಅದೇ ಲೇಬಲ್ಲಿನ ಜಿಎಲ್-4 ಕೊಂಡೆ. ಅದನ್ನು ಹಾಕಿಸಿ 15,000 ಕಿಲೋಮೀಟರ್ ಆಯಿತು. ಚಳಿಗಾಲದ ಬೆಳಿಗ್ಗೆಯೂ ಎರಡನೇ ಗೇರು ಸದ್ದಿಲ್ಲದೆ ಬೀಳುತ್ತದೆ.