ಥೈರಾಯ್ಡ್ ಗಂತಿಗಳ ಪ್ರೋಟೀನುಗಳು

ಥೈರಾಯ್ಡ್ ಗ್ರಂಥಿಯ ಗಂತಿಗಳಲ್ಲಿ ಬಹುಪಾಲು ನಿರಪಾಯಕರ; ಕೆಲವು ಮಾತ್ರ ಏಡಿಗಂತಿಗಳು. ಫಾಲಿಕ್ಯುಲರ್ ಮಾದರಿಯಲ್ಲಿ, ಸೂಜಿಯಿಂದ ತೆಗೆದ ಜೀವಕೋಶಗಳನ್ನಷ್ಟೇ ಸೂಕ್ಷ್ಮದರ್ಶಕದಲ್ಲಿ ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಕೋಶಗಳು ಗಂತಿಯ ಹೊರಪೊರೆಯನ್ನಾಗಲಿ ರಕ್ತನಾಳವನ್ನಾಗಲಿ ಭೇದಿಸಿದ್ದರೆ ಅದು ಏಡಿಗಂತಿ. ಇದನ್ನರಿಯಲು ಸಾಮಾನ್ಯವಾಗಿ ಗ್ರಂಥಿಯ ಅರ್ಧವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಗಂತಿಯು ನಿರಪಾಯಕರವಾಗಿದ್ದರೆ ರೋಗಿಯು ಅದನ್ನು ವೃಥಾ ಕಳೆದುಕೊಂಡಂತಲ್ಲವೆ?

ಇಲ್ಲಿ ಭೌತಶಾಸ್ತ್ರವು ನೆರವಾಗುತ್ತದೆ. ಕೋಶಗಳ ಪ್ರೋಟೀನುಗಳನ್ನು ಟ್ರಿಪ್ಸಿನ್ ಕಿಣ್ವದಿಂದ ತುಂಡರಿಸಿ, ತುಣುಕುಗಳಿಗೆ ವಿದ್ಯುದಾವೇಶವನ್ನಿತ್ತು, ವಿದ್ಯುತ್ ಕ್ಷೇತ್ರದಲ್ಲಿ ಓಡಿಸೋಣ. ಸಮಾನ ಆವೇಶವುಳ್ಳವುಗಳಲ್ಲಿ ಹಗುರವಾದುದು ಮೊದಲು ಗುರಿ ಮುಟ್ಟುವುದು. ಓಟದ ಕಾಲದಿಂದ ದ್ರವ್ಯರಾಶಿಯನ್ನೂ, ಹಲವು ತುಣುಕುಗಳ ದ್ರವ್ಯರಾಶಿಗಳಿಂದ ಪ್ರೋಟೀನನ್ನೂ ಗುರುತಿಸುತ್ತೇವೆ.

ಗ್ಯಾಲೆಕ್ಟಿನ್-3 ಎಂಬ ಪ್ರೋಟೀನು ಏಡಿಗಂತಿಗಳಲ್ಲಿ ಸಾಮಾನ್ಯವಾಗಿ ಹೆಚ್ಚು. ಆದರೆ ಕೆಲವು ನಿರಪಾಯಕರ ಗಂತಿಗಳಲ್ಲಿಯೂ ಕಾಣುವುದರಿಂದ ಅದೊಂದರ ಸಾಕ್ಷ್ಯ ಸಾಲದು. ಆದುದರಿಂದಲೇ ಹಲವು ಪ್ರೋಟೀನುಗಳ ಪ್ರಮಾಣವನ್ನು ಒಟ್ಟಿಗೆ ಹೋಲಿಸಿ ನೋಡಬೇಕು.