ಕುರಿ ಹಿಡಿದದ್ದು ಚಿರತೆಯೋ, ನಾಯಿಯೋ? ಹೆಜ್ಜೆ ಗುರುತು ನೋಡಿ ತಿಳಿಯಿರಿ



ಬೆಳಗ್ಗೆ ದೊಡ್ಡಿಯಲ್ಲಿ ಕುರಿ ಸತ್ತು ಬಿದ್ದಿದ್ದರೆ "ಚಿರತೆ ಬಂದಿತ್ತು" ಅಂತ ಊರೆಲ್ಲ ಗುಲ್ಲೇಳುತ್ತೆ. ಆದರೆ ಬೀದಿನಾಯಿಗಳ ಹಿಂಡೂ ಕುರಿ ಕೊಲ್ಲುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಪರಿಹಾರದ ಅರ್ಜಿಗೂ ತೊಡಕು, ಮರುರಾತ್ರಿಯ ಕಾವಲಿಗೂ ತೊಡಕು. ಅದಕ್ಕೇ ನಾನು ಕುರಿ ಸಾಕುವವರಿಗೆ ಹೇಳುವುದು ಒಂದೇ: ಜನ ತುಳಿದು ಅಳಿಸುವ ಮುಂಚೆ ನೆಲ ನೋಡಿ.

ಕಾಲೂರುವ ರೀತಿ ಮೂರು

ನಾವೂ ಕರಡಿಯೂ ಹಿಮ್ಮಡಿ ಸಮೇತ ಇಡೀ ಅಂಗಾಲು ಊರುತ್ತೇವೆ. ದನ, ಕುರಿ, ಕಾಡುಹಂದಿ ಬೆರಳ ತುದಿಯ ಗೊರಸಿನ ಮೇಲೆ ನಿಲ್ಲುತ್ತವೆ. ನಾಯಿ, ತೋಳ, ಬೆಕ್ಕು, ಚಿರತೆ ಇವೆಲ್ಲ ನಡೆಯುವುದು ಬೆರಳುಗಳ ಮೇಲೆ. ನಿಮ್ಮ ನಾಯಿಯ ಹಿಂಗಾಲು ನೋಡಿ. ಹಿಂದಕ್ಕೆ ಚಾಚಿದಂತಿರುವ ಗೆಣ್ಣನ್ನು ಮೊಣಕಾಲು ಅಂದ್ಕೋತೀವಿ. ಅದು ಅದರ ಹಿಮ್ಮಡಿ! ಹಿಮ್ಮಡಿ ಮೇಲೆತ್ತಿರುವುದರಿಂದ ಕಾಲು ಉದ್ದವಾಗಿ, ಓಟಕ್ಕೆ ವೇಗ ಸಿಗುತ್ತೆ. ಬೆರಳಡಿಯ ಮೆತ್ತೆಯಿಂದ ಸದ್ದೂ ಕಡಿಮೆ.

ಹೀಗಾಗಿ ಇವುಗಳ ಹೆಜ್ಜೆಯಲ್ಲಿ ಹಿಮ್ಮಡಿ ಮೂಡುವುದಿಲ್ಲ. ನಾಲ್ಕು ಬೆರಳು, ಹಿಂದೆ ಒಂದು ದೊಡ್ಡ ಮೆತ್ತೆ ಅಷ್ಟೇ. ಮುಂಗಾಲಿನ ಐದನೇ ಬೆರಳು ಮೇಲಿರುವುದರಿಂದ ನೆಲಕ್ಕೆ ತಾಗುವುದಿಲ್ಲ.

ವ್ಯತ್ಯಾಸ ಹೇಗೆ?

* ಚಿರತೆ: ಹೆಜ್ಜೆ ದುಂಡಗೆ. ನಡೆಯುವಾಗ ಉಗುರು ಒಳಗಿರುವುದರಿಂದ ಗುರುತು ಮೂಡುವುದಿಲ್ಲ. ದೊಡ್ಡ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು.
* ನಾಯಿ: ಹೆಜ್ಜೆ ಉದ್ದುದ್ದ. ಬೆರಳ ಮುಂದೆ ಉಗುರಿನ ಚುಕ್ಕೆ ಕಾಣುತ್ತೆ.
* ಕಾಡುಬೆಕ್ಕು: ಚಿರತೆಯ ಹೆಜ್ಜೆಯಂತೆಯೇ, ಆದರೆ ತೀರಾ ಚಿಕ್ಕದು.
* ಕತ್ತೆಕಿರುಬ: ಉಗುರು ಕಾಣುತ್ತೆ, ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ದೊಡ್ಡದು.
* ಕರಡಿ: ಐದು ಬೆರಳು, ಉದ್ದ ಉಗುರು. ಹಿಂಗಾಲಿನ ಗುರುತು ಮನುಷ್ಯನ ಪಾದದಂತೆ.

ಒಂದೇ ಗುರುತು ನೋಡಿ ತೀರ್ಮಾನ ಬೇಡ. ಜಾರುವ ಕೆಸರಿನಲ್ಲಿ ಚಿರತೆಯೂ ಉಗುರು ಊರಬಹುದು. ಉಗುರು ಕಂಡಾಕ್ಷಣ ನಾಯಿ ಅಂತಲೂ ಹೇಳಲಾಗದು. ಬಯಲುಸೀಮೆಯಲ್ಲಿ ತೋಳವೂ ಇದೆ. ಅದರ ಹೆಜ್ಜೆ ದೊಡ್ಡ ನಾಯಿಯ ಹೆಜ್ಜೆಯಂತೆಯೇ ಇರುತ್ತೆ. ಗಾಯವನ್ನೂ ನೋಡಿ. ಚಿರತೆ ಸಾಮಾನ್ಯವಾಗಿ ಕುತ್ತಿಗೆ ಹಿಡಿಯುತ್ತದೆ. ನಾಯಿಗಳು ತೊಡೆ, ಹಿಂಭಾಗ ಹೀಗೆ ಕಂಡಲ್ಲೆಲ್ಲ ಕಚ್ಚಿ ಹರಿಯುತ್ತವೆ, ಹಲವು ಕುರಿಗಳಿಗೆ ಗಾಯ ಮಾಡುತ್ತವೆ.

ತಕ್ಷಣ ಏನು ಮಾಡಬೇಕು?

1. ಒಳ್ಳೆಯ ಹೆಜ್ಜೆಯ ಮೇಲೆ ಬುಟ್ಟಿ ಮುಚ್ಚಿಡಿ.
2. ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯಿರಿ. ಅಳತೆ ಗೊತ್ತಾಗುತ್ತೆ.
3. ಸತ್ತ ಕುರಿಯನ್ನು ಅಲುಗಾಡಿಸದೆ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ. ಅವರು ನೋಡುವವರೆಗೆ ಹೂಳಬೇಡಿ.
4. ಸಿಟ್ಟಿನಲ್ಲಿ ಹೆಣಕ್ಕೆ ವಿಷ ಹಾಕಬೇಡಿ, ಉರುಳು ಕಟ್ಟಬೇಡಿ. ಚಿರತೆ, ತೋಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆ ವಿಷ ತಿಂದು ನಿಮ್ಮದೇ ನಾಯಿ ಸಾಯಬಹುದು.

ಚಿರತೆ ಅಂತ ಖಾತ್ರಿಯಾದರೆ ದೊಡ್ಡಿಗೆ ಮೇಲೂ ಮುಚ್ಚಿಗೆ ಬೇಕು, ಅದು ಬೇಲಿ ಹತ್ತಿ ಹಾರುತ್ತೆ. ನಾಯಿ ಅಂತಾದರೆ ಬೇಲಿಯ ಬುಡದ ಸಂದಿ ಮುಚ್ಚಿ.