ಹಾಲಿನ ಪ್ಯಾಕೆಟ್ಟಿನ ಮೂಲೆ

ಮಕ್ಕಳೇ, ಚನ್ನಪಟ್ಟಣದ ಗೊಂಬೆಗೆ ಅರಗಿನ ಬಣ್ಣ ಹಚ್ಚುವುದನ್ನು ನೋಡಿದ್ದೀರಾ? ಅದಕ್ಕೆ ಕುಂಚ ಬೇಕಿಲ್ಲ. ಗಿರಗಿರನೆ ತಿರುಗುವ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಅಂಟುತ್ತದೆ. ತಣಿದಾಗ ಮತ್ತೆ ಗಟ್ಟಿಯಾಗುತ್ತದೆ.

ಹಾಲಿನ ಪ್ಯಾಕೆಟ್ಟಿನ ಗುಣವೂ ಹೀಗೆಯೇ. ಅದು ಪಾಲಿಥೀನ್ ಎಂಬ ಪ್ಲಾಸ್ಟಿಕ್. ಸುಮಾರು 110ರಿಂದ 125 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗುತ್ತದೆ. ಆದ್ದರಿಂದಲೇ ಅದನ್ನು ತೊಳೆದು, ಚೂರು ಮಾಡಿ, ಕರಗಿಸಿ, ಕಾಳಿನಂಥ ಹರಳುಗಳಾಗಿ ಕತ್ತರಿಸಿ, ಪೈಪು, ಕಸದ ಚೀಲ ಮುಂತಾದವನ್ನು ತಯಾರಿಸಬಹುದು. ಕುಕ್ಕರಿನ ಹಿಡಿ ಹಾಗಲ್ಲ. ಒಮ್ಮೆ ಗಟ್ಟಿಯಾದ ಬೇಕಲೈಟ್ ಮತ್ತೆ ಕರಗುವುದಿಲ್ಲ. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಪದರಗಳಿಗೆ ಅಲ್ಯೂಮಿನಿಯಂ ಅಂಟಿರುತ್ತದೆ. ಅವುಗಳನ್ನು ಬಿಡಿಸುವುದು ಬಲು ಕಷ್ಟ. (ನೀವೇ ಪ್ಲಾಸ್ಟಿಕ್ ಸುಟ್ಟು ನೋಡಲು ಹೋಗಬೇಡಿ, ಆ ಹೊಗೆ ವಿಷ.)

ಇನ್ನು ಮೂಲೆಯ ವಿಷಯ. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಉಗುರಿನಷ್ಟು ಚೂರು ಬೀಳುತ್ತದೆ. ಅಷ್ಟು ಚಿಕ್ಕದನ್ನು ಆರಿಸುವವರು ಯಾರು? ಅದು ಮಣ್ಣಿಗೋ ಚರಂಡಿಗೋ ಸೇರುತ್ತದೆ. ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಅರ್ಧ ಮಾತ್ರ ಕತ್ತರಿಸಿ. ಪಾತ್ರೆ ಹಿಡಿದು ಡೈರಿಗೆ ಹೋಗುವ ಮನೆಯವರಿಗೆ ಈ ಚಿಂತೆಯೇ ಇಲ್ಲ ಬಿಡಿ!

ಮಾಡಿ ನೋಡಿ: ಒಂದು ತಿಂಗಳು ಪ್ಯಾಕೆಟ್ಟುಗಳನ್ನು ತೊಳೆದು, ಒಣಗಿಸಿ ಕೂಡಿಡಿ. ಎಷ್ಟು ತೂಗುತ್ತವೆ? ಗುಜರಿ ಅಂಗಡಿಯಲ್ಲಿ ಕಿಲೋಗೆ ಎಷ್ಟು ಕೊಡುತ್ತಾರೆಂದು ಕೇಳಿ ಬರೆದುಕೊಳ್ಳಿ. ತೊಳೆಯದ ಪ್ಯಾಕೆಟ್ಟಿಗೂ ಅಷ್ಟೇ ಕೊಡುತ್ತಾರೆಯೇ? ಅದನ್ನೂ ಕೇಳಿ.